ಲೈನಿನ ತುದಿಯ ಬೆಳಕು

ವಿದ್ಯುತ್ತಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಜಲಪಾತದ ಬುಡದಿಂದ ತೊಡಗುತ್ತಾರೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದುದು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದುದು ಎಲ್ಲರಿಗೂ ತಿಳಿದ ಸಂಗತಿ. ನಾನು ವಿಟ್ಲ ಸೀಮೆಯವನು. ನಮ್ಮಲ್ಲಿ ನಿಂತು ಬರೆಯುವುದಾದರೆ ಈ ಚರಿತ್ರೆಯನ್ನು ತಂತಿಯ ಇನ್ನೊಂದು ತುದಿಯಿಂದ ಬರೆಯಬೇಕಾಗುತ್ತದೆ. ಆ ತುದಿಯಲ್ಲಿ ದೀಪ ಉಂಟೋ ಇಲ್ಲವೋ ಎಂಬುದಕ್ಕಿಂತ, ಇರುವ ದೀಪ ಎಷ್ಟು ಉರಿಯುತ್ತದೆ ಎಂಬುದೇ ದೊಡ್ಡ ಪ್ರಶ್ನೆ.

ಮೈಸೂರಿನ ದೀಪಗಳು ಬೆಳಗುತ್ತಿದ್ದಾಗ ನಾವು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. 1956 ನಮಗೆ ಎರಡು ಕಾರಣಗಳಿಂದ ನೆನಪಿಡತಕ್ಕ ವರ್ಷ. ಆ ವರ್ಷ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು; ಅದೇ ವರ್ಷ ವಿಟ್ಲದಲ್ಲಿ ಕೇಂದ್ರ ಅಡಿಕೆ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಮುಂದಿನ ದಶಕಗಳಲ್ಲಿ ಗುಡ್ಡೆ ಕಣಿವೆಗಳನ್ನು ದಾಟಿ ಕಂಬಗಳು ಬಂದಾಗ ಅವು ಮನೆಯ ದೀಪಕ್ಕೆ ಎಷ್ಟೋ, ತೋಟದ ಪಂಪಿಗೂ ಅಷ್ಟೇ ಬಂದವು. ಬೇಸಗೆಯಲ್ಲಿ ಎಲ್ಲರ ಪಂಪುಗಳೂ ಒಟ್ಟಿಗೆ ತಿರುಗಿದರೆ ಉದ್ದನೆಯ ತಂತಿಯ ಕೊನೆಯಲ್ಲಿ ವೋಲ್ಟೇಜು ಕುಸಿಯುತ್ತದೆ. ಚಿಮಿಣಿ ದೀಪವನ್ನು ಅಟ್ಟಕ್ಕೇರಿಸಿದ ಮನೆಯವರು ಅದನ್ನು ಮತ್ತೆ ಕೆಳಗಿಳಿಸುತ್ತಿದ್ದುದು ಇಂಥ ಸಂಜೆಗಳಲ್ಲಿ.

ತಂತುವಿನ ಬಲ್ಬಿನ ಗುಣವೇ ಹಾಗೆ. 230 ವೋಲ್ಟಿನ ಬಲ್ಬಿಗೆ 160 ವೋಲ್ಟು ಸಿಕ್ಕಿದರೆ ಅದರ ಬೆಳಕು ಮೂರನೆಯ ಒಂದು ಪಾಲಿಗಿಂತಲೂ ಕೆಳಗಿಳಿಯುತ್ತದೆ. ಆದರೆ ವಿದ್ಯುತ್ತನ್ನು ಮಾತ್ರ ಅರ್ಧಕ್ಕಿಂತ ಹೆಚ್ಚೇ ತಿನ್ನುತ್ತದೆ. ಕಾದ ತಂತಿ ತಣಿದಂತೆ ಬೆಳಕು ಕೆಂಪಾಗುತ್ತದೆ. ಟ್ಯೂಬ್‌ಲೈಟಾದರೋ ಎರಡು ಬಾರಿ ಕಣ್ಣು ಪಿಳುಕಿಸಿ ಸುಮ್ಮನಾಗುತ್ತದೆ. ರಾತ್ರಿ ಅಡಿಕೆ ಸುಲಿಯಲು ಕುಳಿತವರಿಗೂ ಪರೀಕ್ಷೆಗೆ ಓದುವ ಮಕ್ಕಳಿಗೂ ಆ ಕೆಂಪು ಬೆಳಕು ಇದ್ದೂ ಇಲ್ಲದಂತೆ.

ಈ ಕತ್ತಲೆಗೆ ಮದ್ದಾಗಿ ಬಂದ ಎಲ್‌ಇಡಿಯ ಹುಟ್ಟಿಗೂ ಕಡಿಮೆ ವೋಲ್ಟೇಜಿಗೂ ಮೊದಲಿಂದಲೇ ನಂಟು. ರೇಡಿಯೋ ಕೇಳುವವರಿಗೆ ಇನ್ನೊಂದು ಸಂತೋಷದ ಸಂಗತಿಯೆಂದರೆ ಅದು ಹುಟ್ಟಿದ್ದು ರೇಡಿಯೋದವರ ಮೇಜಿನ ಮೇಲೆ. ಮಾರ್ಕೋನಿಯ ಸಹಾಯಕನಾಗಿದ್ದ ಹೆನ್ರಿ ರೌಂಡ್ 1907ರಲ್ಲಿ ಕಾರ್ಬೊರಂಡಮ್ ಹರಳುಗಳನ್ನು ಪರೀಕ್ಷಿಸುತ್ತಿದ್ದಾಗ, ಕೇವಲ 10 ವೋಲ್ಟಿಗೆ ಒಂದೆರಡು ಹರಳುಗಳು ಹಳದಿ ಬೆಳಕು ಬೀರಿದವು. 110 ವೋಲ್ಟಿಗೆ ಇನ್ನೂ ಅನೇಕ ಹರಳುಗಳು ಬೆಳಗಿದವು. ಆತ ಪತ್ರಿಕೆಯೊಂದಕ್ಕೆ ಸಣ್ಣ ಟಿಪ್ಪಣಿ ಬರೆದು ಸುಮ್ಮನಾದ. 1920ರ ದಶಕದಲ್ಲಿ ರಷ್ಯದ ಒಲೆಗ್ ಲೋಸೆವ್ ಇದನ್ನೇ ಮತ್ತೆ ಕಂಡು, ಇದು ಕಾಯಿಸಿದ ಬೆಳಕಲ್ಲ, ತಣ್ಣನೆಯ ಬೆಳಕು ಎಂದು ಗುರುತಿಸಿದ. 1942ರಲ್ಲಿ ಲೆನಿನ್‌ಗ್ರಾಡಿನ ಮುತ್ತಿಗೆಯಲ್ಲಿ ಅವನು ಹಸಿವಿನಿಂದ ಸತ್ತ. 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಕೆಂಪು ಬೆಳಕಿನ ಡಯೋಡನ್ನು ಮಾಡಿದರು. ನೀಲಿ ಬೆಳಕಿಗಾಗಿ ಮತ್ತೂ ಮೂವತ್ತು ವರ್ಷ ಕಾಯಬೇಕಾಯಿತು. ಅದನ್ನು ಸಾಧಿಸಿದ ಜಪಾನಿನ ಅಕಾಸಾಕಿ, ಅಮಾನೊ, ನಾಕಾಮುರ ಅವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಬಂತು. ನಮ್ಮ ಮನೆಗಳ ಬಿಳಿ ಬೆಳಕು ಈ ನೀಲಿಗೆ ಹಳದಿ ಲೇಪದ ಹೊಳಪು ಕೂಡಿ ಆದದ್ದು.

ಬಲ್ಬಿನದು ಕೆಂಡದ ಸ್ವಭಾವವಾದರೆ ಡಯೋಡಿನದು ಅಣೆಕಟ್ಟಿನ ಸ್ವಭಾವ. ಹರಳಿನೊಳಗೆ ಎಲೆಕ್ಟ್ರಾನು ದಾಟಬೇಕಾದ ಒಂದು ಎತ್ತರ ಉಂಟು. ದಾಟಿ ಆಚೆಗೆ ಬಿದ್ದಾಗ ಅದರ ಶಕ್ತಿ ಬೆಳಕಾಗುತ್ತದೆ. ಕೆಂಪಿಗೆ ಎರಡು ವೋಲ್ಟಿಗಿಂತ ತುಸು ಕಡಿಮೆ ಸಾಕು. ನೀಲಿಗೆ, ಆದುದರಿಂದ ಬಿಳಿಗೂ, ಹತ್ತಿರ ಹತ್ತಿರ ಮೂರು ವೋಲ್ಟು ಬೇಕು. ಒಂದೂವರೆ ವೋಲ್ಟಿನ ಒಂಟಿ ಸೆಲ್ಲು ಬಿಳಿ ಡಯೋಡನ್ನು ಬೆಳಗಿಸಲಾರದ್ದು ಇದೇ ಕಾರಣಕ್ಕೆ. ಆದರೂ ಅಣೆಕಟ್ಟಿನ ಮಟ್ಟಕ್ಕಿಂತ ಕೆಳಗೆ ಎಲ್ಲವೂ ಒಮ್ಮೆಲೇ ನಿಂತುಬಿಡುತ್ತದೆ ಎನ್ನುವಂತಿಲ್ಲ. ವೋಲ್ಟೇಜು ಸುಮಾರು 60ರಿಂದ 120 ಮಿಲಿವೋಲ್ಟಿನಷ್ಟು ಇಳಿದಾಗಲೆಲ್ಲ ಪ್ರವಾಹ ಹತ್ತನೆಯ ಒಂದು ಪಾಲಿಗೆ ಕುಗ್ಗುತ್ತ ಹೋಗುತ್ತದೆ. ಬೆಳಕು ಕ್ಷೀಣವಾಗುತ್ತದೆಯೇ ಹೊರತು ಬಲ್ಬಿನಂತೆ ಕೆಂಪಾಗುವುದಿಲ್ಲ. ಸಣ್ಣ ಸೂಚಕ ದೀಪವಿರುವ ಸ್ವಿಚ್ಚನ್ನು ಆರಿಸಿದ ಮೇಲೂ ಕೆಲವು ಮನೆಗಳಲ್ಲಿ ಎಲ್‌ಇಡಿ ಬಲ್ಬು ಮಿಣುಕುವುದುಂಟು. ಸೋರಿಬಂದ ಅಣುಮಾತ್ರ ಪ್ರವಾಹದ ಕೆಲಸ ಅದು, ಭೂತಪ್ರೇತದ್ದಲ್ಲ.

ಈ ಸೂಕ್ಷ್ಮದ ಕೊನೆಯನ್ನು 2012ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ತೋರಿಸಿದರು. 135 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಡಯೋಡೊಂದಕ್ಕೆ ವೋಲ್ಟಿನ ಹತ್ತು ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಒತ್ತಡ ಕೊಟ್ಟಾಗ ಅದು 30 ಪಿಕೊವಾಟ್ ವಿದ್ಯುತ್ತನ್ನು ಪಡೆದು 69 ಪಿಕೊವಾಟ್ ಬೆಳಕನ್ನು ನೀಡಿತು. ಮಿಕ್ಕ ಶಕ್ತಿ ಹರಳಿನ ಶಾಖದಿಂದಲೇ ಬಂದುದು. ಬೆಳಕು ಅತ್ಯಲ್ಪ, ಕಣ್ಣಿಗೆ ಕಾಣುವಂಥದೂ ಅಲ್ಲ. ಆದರೆ ತತ್ತ್ವ ದೊಡ್ಡದು.

ಹಳ್ಳಿಗೆ ಇಷ್ಟು ದೂರದ ತತ್ತ್ವ ಬೇಕಿರಲಿಲ್ಲ. ಮೂರು ವೋಲ್ಟಿನ ಸತ್ಯವೇ ಸಾಕಾಯಿತು. 1995ರಲ್ಲಿ ಹರೀಶ್ ಹಂದೆಯವರು ನೆವಿಲ್ ವಿಲಿಯಮ್ಸ್ ಅವರೊಡನೆ ಸೆಲ್ಕೋ ಸಂಸ್ಥೆಯನ್ನು ಆರಂಭಿಸಿ ಕರ್ನಾಟಕದ ಹಳ್ಳಿಮನೆಗಳಿಗೆ ಸೌರದೀಪ ಕೊಡತೊಡಗಿದರು. 2011ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು. ಸೌರದೀಪಕ್ಕೆ ಮುಂದೆ ಎಲ್‌ಇಡಿ ಹೇಳಿ ಮಾಡಿಸಿದಂತೆ ಒಗ್ಗಿತು. 12 ವೋಲ್ಟಿನ ಬ್ಯಾಟರಿಗೆ ಮೂರು ಬಿಳಿ ಡಯೋಡುಗಳನ್ನು ಸಾಲಾಗಿ ಜೋಡಿಸಿದರೆ ಒಂಬತ್ತು ವೋಲ್ಟು ಅವುಗಳ ಪಾಲು, ಉಳಿದ ಮೂರು ವೋಲ್ಟು ಪ್ರವಾಹವನ್ನು ಹದದಲ್ಲಿಡುವ ರೋಧಕದ ಪಾಲು. ಬ್ಯಾಟರಿ 11ಕ್ಕೆ ಇಳಿದರೆ ಪ್ರವಾಹದ ಮೂರನೆಯ ಒಂದು ಪಾಲು ಹೋಗುತ್ತದೆ. ಒಂಬತ್ತರ ಹತ್ತಿರ ಬಂದರೆ ಬೆಳಕು ಮುಗಿಯಿತು. ಲೈನಿನ ಬಲ್ಬಿನೊಳಗೆ ಈ ಹದ ಕಾಯುವ ಕೆಲಸವನ್ನು ಪುಟ್ಟ ಮಂಡಲವೊಂದು ಮಾಡುತ್ತದೆ. ಅದು ಚೆನ್ನಾಗಿದ್ದರೆ 160 ವೋಲ್ಟಿಗೂ 230ಕ್ಕೂ ದೀಪ ಒಂದೇ ತೆರನಾಗಿ ಬೆಳಗುತ್ತದೆ. 2015ರಲ್ಲಿ ಕೇಂದ್ರದ ಉಜಾಲಾ ಮತ್ತು ರಾಜ್ಯದ ಹೊಸ ಬೆಳಕು ಯೋಜನೆಗಳು ಇಂಥ ಬಲ್ಬುಗಳನ್ನು ಮನೆಮನೆಗೆ ತಂದವು. ಲೈನಿನ ಮೊದಲ ಮನೆಗೂ ಕೊನೆಯ ಮನೆಗೂ ಬೆಳಕಿನಲ್ಲಿದ್ದ ಭೇದ ಹೀಗೆ ಬಹುಮಟ್ಟಿಗೆ ಅಳಿಯಿತು.

ಆದರೆ ಹಳೆಯ ದೀಪಕ್ಕೆ ಇನ್ನೊಂದು ಕೆಲಸವಿತ್ತು. ನಮ್ಮ ಸೀಮೆಯಲ್ಲಿ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಸುರಂಗ ತೋಡಿ ನೀರು ಪಡೆಯುತ್ತಾರೆ. ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ತೋಡಿದ ಸುರಂಗಗಳು ಅವರಿಗೆ 2022ರಲ್ಲಿ ಪದ್ಮಶ್ರೀ ತಂದುಕೊಟ್ಟವು. ಸುರಂಗದೊಳಗೆ ಉರಿವ ದೀಪ ದಾರಿ ತೋರುವುದಷ್ಟೇ ಅಲ್ಲ, ಗಾಳಿ ಕೆಟ್ಟರೆ ತಾನೇ ಕುಗ್ಗಿ ಎಚ್ಚರಿಸುತ್ತದೆ. ಎಲ್‌ಇಡಿ ಟಾರ್ಚು ಕೆಟ್ಟ ಗಾಳಿಯಲ್ಲೂ ನಗುನಗುತ್ತ ಬೆಳಗುತ್ತದೆ.

ಮನೆಯ ಬಲ್ಬೂ ಹಾಗೆಯೇ ನಮ್ಮ ವೋಲ್ಟ್‌ಮೀಟರು ಆಗಿತ್ತು. ಅದು ಕೆಂಪಾದರೆ ತೋಟದ ಪಂಪನ್ನು ನಿಲ್ಲಿಸಬೇಕೆಂದು ಗೊತ್ತಾಗುತ್ತಿತ್ತು; ಕಡಿಮೆ ವೋಲ್ಟೇಜಿನಲ್ಲಿ ಮೋಟಾರು ಹೆಚ್ಚು ಪ್ರವಾಹ ಎಳೆದು ಸುರುಳಿ ಸುಟ್ಟುಕೊಳ್ಳುತ್ತದೆ. ಈಗ ಜಗಲಿಯಲ್ಲಿ ಹಾಲಿನಂಥ ಬೆಳಕು, ತೋಟದಲ್ಲಿ ಸುಟ್ಟ ವಾಸನೆ. ಬೆಳಕಿನ ಅಸಮಾನತೆ ತೀರಿತೆಂದು ಲೈನಿನ ಅಸಮಾನತೆ ತೀರಿಲ್ಲ. ಕಣ್ಣಿಗೆ ಕಾಣುವುದು ಮಾತ್ರ ನಿಂತಿದೆ. ಮಕ್ಕಳು ಓದಲು ದೀಪವಾದ ಈ ಪುಟ್ಟ ಹರಳಿಗೆ ಕೃತಜ್ಞರಾಗಿರೋಣ. ಅದು ಹೇಳದೆ ಬಿಡುವ ಮಾತನ್ನು, ತಂತಿಯ ತುದಿಯಲ್ಲಿ ಒತ್ತಡ ಸಾಲದೆಂಬುದನ್ನು, ಇನ್ನು ಮುಂದೆ ನಾವೇ ಬಾಯಿಬಿಟ್ಟು ಹೇಳಬೇಕು.