ಇಂಗ್ಲಿಷಿನ ದೀರ್ಘಪದಗಳು: ಒಂದು ಸಾಲದ ಇತಿಹಾಸ

ಇಂಗ್ಲಿಷ್ ನಿಘಂಟುಗಳಲ್ಲಿ ಅತಿ ದೀರ್ಘವೆಂದು ಹೆಸರಾದ ಪದಕ್ಕೆ ಆ ಲಿಪಿಯಲ್ಲಿ 45 ಅಕ್ಷರಗಳು: 'ನ್ಯೂಮೊನೊಅಲ್ಟ್ರಾಮೈಕ್ರೊಸ್ಕೋಪಿಕ್‌ಸಿಲಿಕೊವಾಲ್ಕೇನೊಕೋನಿಯೋಸಿಸ್'. ಸೂಕ್ಷ್ಮವಾದ ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ರೋಗವೆಂದು ಇದರ ಅರ್ಥ. ವೈದ್ಯರಿಗಾದರೋ 'ಸಿಲಿಕೋಸಿಸ್' ಎಂದರೆ ಸಾಕು. 1935ರಲ್ಲಿ ಅಮೆರಿಕದ ಒಗಟುಪ್ರಿಯರ ಸಂಘದ ಅಧ್ಯಕ್ಷ ಎವರೆಟ್ ಸ್ಮಿತ್ ಇದನ್ನು ದೈರ್ಘ್ಯಕ್ಕಾಗಿಯೇ ನಿರ್ಮಿಸಿದನು. ಇಂತಹ ಪ್ರದರ್ಶನದ ಚಪಲಕ್ಕೆ ಹಳೆಯ ಚರಿತ್ರೆಯೇ ಉಂಟು.

16ನೆಯ ಶತಮಾನದ ಇಂಗ್ಲೆಂಡಿನಲ್ಲಿ ಲ್ಯಾಟಿನ್ ವಿದ್ಯಾವಂತರ ಭಾಷೆಯಾಗಿದ್ದಿತು. ಶಾಸ್ತ್ರವನ್ನು ದೇಶಭಾಷೆಗೆ ತಂದ ಪಂಡಿತರು ಲ್ಯಾಟಿನ್ ಪದಗಳನ್ನೂ ಹೇರಳವಾಗಿ ತಂದರು. ಜನರ ನಾಲಗೆಯಿಂದಲ್ಲದೆ ಬರೆಹಗಾರನ ಮಸಿಯ ಕೊಂಬಿನಿಂದ ಹೊರಟುವೆಂದು ಅವುಗಳಿಗೆ 'ಇಂಕ್‌ಹಾರ್ನ್' ಪದಗಳೆಂಬ ಅಣಕದ ಹೆಸರು ಬಂದಿತು. 1553ರಲ್ಲಿ ಥಾಮಸ್ ವಿಲ್ಸನ್ ತನ್ನ ಅಲಂಕಾರಗ್ರಂಥದಲ್ಲಿ ಇಂತಹ ಪದಗಳಿಂದ ಕಿಕ್ಕಿರಿದ ಪತ್ರವೊಂದನ್ನು ಕೊಟ್ಟು ಪರಿಹಾಸ್ಯ ಮಾಡಿದನು. ಅದರಲ್ಲಿಯ 'ಇಂಜೆಂಟ್', 'ಮ್ಯಾಗ್ನಿಫಿಕಲ್' ಬಳಕೆ ತಪ್ಪಿದುವು. 'ಸೆಲಿಬ್ರೇಟ್', 'ಕೆಪ್ಯಾಸಿಟಿ' ಇಂದು ಎಲ್ಲರ ಮಾತು.

ಕೇಂಬ್ರಿಜಿನಲ್ಲಿ ಗ್ರೀಕ್ ಪ್ರಾಧ್ಯಾಪಕನಾಗಿದ್ದ ಸರ್ ಜಾನ್ ಚೀಕ್ 1557ರ ಪತ್ರವೊಂದರಲ್ಲಿ, ಸದಾ ಸಾಲ ತಂದು ಎಂದೂ ತೀರಿಸದ ಭಾಷೆ ದಿವಾಳಿಯಾದೀತೆಂದು ಎಚ್ಚರಿಸಿದನು. ಬ್ಯಾಂಕಿನ ಉದ್ಯೋಗಿಯಾದ ನನಗೆ ಇಲ್ಲೊಂದು ವಿನೋದ ಕಾಣುತ್ತದೆ. ಅವನು ಪ್ರಯೋಗಿಸಿದ 'ಬ್ಯಾಂಕ್‌ರಪ್ಟ್' ಶಬ್ದವೇ ಇಟಲಿಯ ಎರವಲು. ಹಣ ವಿನಿಮಯಗಾರನ ಮುರಿದ ಹಲಗೆಯೆಂದು ಅದರ ಮೂಲಾರ್ಥ. ನಮ್ಮ ನಯಸೇನನೂ ಕ್ರಿ. ಶ. 1112ರ 'ಧರ್ಮಾಮೃತ'ದಲ್ಲಿ ಕನ್ನಡದೊಡನೆ ಸಂಸ್ಕೃತವನ್ನು ಸೇರಿಸುವುದನ್ನು ತುಪ್ಪ-ಎಣ್ಣೆಗಳ ಬೆರಕೆಗೆ ಹೋಲಿಸಿ ಹಳಿದನಷ್ಟೆ. ಆ ಹೋಲಿಕೆಗೆ ಅವನು ಬಳಸಿದ್ದು 'ಘೃತ', 'ತೈಲ' ಎಂಬ ಸಂಸ್ಕೃತ ಶಬ್ದಗಳನ್ನೇ!

1598ರಲ್ಲಿ ಅಚ್ಚಾದ 'ಲವ್ಸ್ ಲೇಬರ್ಸ್ ಲಾಸ್ಟ್' ನಾಟಕದಲ್ಲಿ ಷೇಕ್ಸ್‌ಪಿಯರನು 27 ಅಕ್ಷರಗಳ 'ಆನರಿಫಿಕಾಬಿಲಿಟುಡಿನಿಟಾಟಿಬಸ್' ಪದವನ್ನು ಹಳ್ಳಿಗನ ಬಾಯಲ್ಲಿಟ್ಟು ಪಂಡಿತರನ್ನು ನಗೆಗೀಡುಮಾಡಿದನು. ಆದರೆ ಲ್ಯಾಟಿನ್ ಶಾಲೆಯ ಬಾಗಿಲು ಕಾಣದವರಿಗೆ ನಗೆಯಿಂದ ಅರ್ಥವಾದರೂ ದೊರೆಯುವುದೆಂತು? 1604ರಲ್ಲಿ ರಾಬರ್ಟ್ ಕಾಡ್ರಿ ಸುಮಾರು 2,500 ಕಠಿಣ ಪದಗಳಿಗೆ ಸುಲಭವಾದ ಇಂಗ್ಲಿಷಿನಲ್ಲಿ ಅರ್ಥ ಬರೆದು ಪ್ರಕಟಿಸಿದನು. ಸ್ತ್ರೀಯರಿಗೂ ಹೆಚ್ಚು ಓದದ ಇತರರಿಗೂ ಉಪಯೋಗವಾಗಲೆಂದು ಮುಖಪುಟದಲ್ಲಿಯೇ ಹೇಳಿದನು. ಇದೇ ಮೊದಲ ಇಂಗ್ಲಿಷ್-ಇಂಗ್ಲಿಷ್ ನಿಘಂಟು. 1623ರಲ್ಲಿ ಹೆನ್ರಿ ಕಾಕರಮ್ ತದ್ವಿರುದ್ಧವಾದ ಅನುಕೂಲವನ್ನೂ ಒದಗಿಸಿದನು: ಸಾಮಾನ್ಯ ಪದವನ್ನು ಕೊಟ್ಟರೆ ಅವನ ಎರಡನೆಯ ಭಾಗ ಆಡಂಬರದ ಪದವನ್ನು ಕೊಡುತ್ತಿದ್ದಿತು. ಅವನ ಅನೇಕ ಶಬ್ದಗಳು ನಿಘಂಟಿನಿಂದ ಹೊರಗೆ ಕಾಲಿಡಲೇ ಇಲ್ಲ.

ಹೀಗೆ, ಪದದ ಉದ್ದವಾಗಲಿ ಅದರ ಕುಲವಾಗಲಿ ದೋಷವಲ್ಲ. ಸಾಲದ ಪದ ತೀರುವುದು ಬಳಕೆಯಿಂದ. ಕನ್ನಡಕ್ಕೆ ಪರಿಭಾಷೆ ನಿರ್ಮಿಸುವ ನಾವು ಕಾಕರಮನ ಪಟ್ಟಿಗಿಂತ ಕಾಡ್ರಿಯ ಓದುಗರನ್ನು ನೆನೆಯುವುದು ಲೇಸು.