ಆಂಗ್ಲ ಭಾಷೆಯ ಆಧಿಕ್ಯವಾಚಕ ಶಬ್ದಗಳು

“ಮೇಲೆ ಕೂಡಿಸಿದುದು” ಎಂಬರ್ಥದಲ್ಲಿ ಆಂಗ್ಲರು ಎಕ್ಸ್‌ಟ್ರಾ, ಅಡಿಷನಲ್, ಸಪ್ಲಿಮೆಂಟರಿ, ಸರ್‌ಪ್ಲಸ್ ಮೊದಲಾದ ಅನೇಕ ಶಬ್ದಗಳನ್ನು ಬಳಸುತ್ತಾರೆ. ನಮ್ಮ ಭಾಷಾಂತರಕಾರರಲ್ಲಿ ಹಲವರು ಇವೆಲ್ಲಕ್ಕೂ “ಹೆಚ್ಚುವರಿ” ಎಂಬ ಒಂದೇ ಪದವನ್ನು ಹಾಕಿ ನಿಶ್ಚಿಂತರಾಗುವುದುಂಟು. ಪರ್ಯಾಯಪದಗಳೆಂದ ಮಾತ್ರಕ್ಕೆ ಅರ್ಥವೂ ಒಂದೇ ಎಂದು ಭಾವಿಸುವುದು ಯುಕ್ತವಲ್ಲವೆಂಬುದು ಆ ಶಬ್ದಗಳ ಚರಿತ್ರೆಯನ್ನು ನೋಡಿದರೆ ವಿಶದವಾಗುತ್ತದೆ.

ಪ್ರಾಚೀನ ಆಂಗ್ಲದಲ್ಲಿ ಈ ಅರ್ಥಕ್ಕೆ ಸ್ವಕೀಯವಾದ “ಈಕ್” ಎಂಬ ಶಬ್ದವಿದ್ದಿತು. ಮೇಲೆ ಇಟ್ಟ ಹೆಸರು “ಆನ್ ಈಕ್‌ನೇಮ್”. ಅದರ ಪೂರ್ವಪದದ ನಕಾರವು ಉತ್ತರಪದಕ್ಕೆ ಅಂಟಿಕೊಂಡು ಇಂದಿನ “ನಿಕ್‌ನೇಮ್” ಆಯಿತು. ಈ ಈಕ್ ಶಬ್ದವೂ, ಲ್ಯಾಟಿನ್ನಿನಿಂದ ಬಂದ “ಆಕ್ಸಿಲಿಯರಿ” ಎಂಬುದೂ, ನಮ್ಮ “ಓಜಸ್” ಶಬ್ದವೂ ಏಕಮೂಲದವೆಂದು ಭಾಷಾಶಾಸ್ತ್ರಜ್ಞರ ಮತ. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಲ್ಯಾಟಿನ್ ಪದಗಳು ಪ್ರವಾಹದಂತೆ ಒಳಹೊಕ್ಕವು. ಕಾಲಕ್ರಮದಲ್ಲಿ ಈಕ್ ಮರೆಯಾಯಿತು.

ಹೀಗೆ ಬಂದವುಗಳಲ್ಲಿ ಸಪ್ಲಿಮೆಂಟ್ ಎಂಬುದು ವಿಶೇಷವಾಗಿ ವಿಚಾರಾರ್ಹ. ಅದರೊಳಗಿನ ಲ್ಯಾಟಿನ್ ಧಾತು “ತುಂಬು” ಎಂಬರ್ಥದ್ದು. ನಮ್ಮ “ಪೂರ್ಣ”, “ಪೂರಕ” ಶಬ್ದಗಳ ಧಾತುವಿಗೆ ಅದು ಸೋದರ. ಆದುದರಿಂದ ಸಪ್ಲಿಮೆಂಟ್ ಎಂದೊಡನೆ ಮೊದಲಿದ್ದುದರಲ್ಲಿ ಒಂದು ನ್ಯೂನತೆಯು ಸೂಚಿತವಾಗುತ್ತದೆ. 1928ರಲ್ಲಿ ಮುಗಿದ ಆಕ್ಸ್‌ಫರ್ಡ್ ಮಹಾನಿಘಂಟಿಗೆ 1933ರಲ್ಲಿ ಹೊರಟ ಸಂಪುಟಕ್ಕೆ ಆ ಹೆಸರಿಟ್ಟುದು ಉಚಿತವೇ ಸರಿ. ಮೊದಲಿನ ಸಂಪುಟಗಳಲ್ಲಿ ಸೇರದೆ ಉಳಿದ ಪದಗಳನ್ನು ಅದು ತುಂಬಿತು. ಸರ್‌ಪ್ಲಸ್ ಎಂಬುದಾದರೋ ತುಂಬಿದ ಮೇಲೆ ಮಿಕ್ಕುದು. ಒಂದು ಕೊರತೆಯನ್ನು ಹೇಳುವ ಮಾತು, ಇನ್ನೊಂದು ಕೊರತೆಯಿಲ್ಲವೆನ್ನುವ ಮಾತು. ಎರಡಕ್ಕೂ “ಹೆಚ್ಚುವರಿ” ಎಂದರೆ ಓದುವವನ ಗತಿಯೇನು? “ಪೂರಕ ಪರೀಕ್ಷೆ” ಎಂದು ಹೆಸರಿಟ್ಟವರು ಇದನ್ನು ಅರಿತಿದ್ದರೆಂದು ತೋರುತ್ತದೆ. ಇನ್ನು ಎಕ್ಸ್‌ಟ್ರಾ ಎಂದರೆ “ಹೊರಗೆ”. ಕ್ರಮದ ಹೊರಗಿನದು ಎಂಬರ್ಥದ “ಎಕ್ಸ್‌ಟ್ರಾರ್ಡಿನರಿ” ಎಂಬುದರ ಸಂಕ್ಷೇಪದಿಂದ ಅದರ ಇಂದಿನ ಬಳಕೆ ಬಂದಿರಬೇಕು. ಕ್ರಿಕೆಟ್ ಆಟದಲ್ಲಿ ದಾಂಡಿಗನ ಲೆಕ್ಕದ ಹೊರಗಿನ ಓಟಗಳಿಗೆ ಈ ಹೆಸರೇ ಇರುವುದಷ್ಟೆ.

ಇಂತಹ ಪದಗಳನ್ನು ಅರ್ಥಾನುಸಾರವಾಗಿ ವರ್ಗೀಕರಿಸಿ 1852ರಲ್ಲಿ “ಥೆಸಾರಸ್” ಎಂಬ ಕೋಶವನ್ನು ಪ್ರಕಟಿಸಿದವನು ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯ. ಅವನು ತನ್ನ ಪೀಠಿಕೆಯ ಟಿಪ್ಪಣಿಯಲ್ಲಿ, 1808ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾದ ಕೋಲ್‌ಬ್ರೂಕನ ಅನುವಾದದ ಮೂಲಕ ತಿಳಿದ ಅಮರಕೋಶವನ್ನು ಸ್ಮರಿಸಿ, ಅದರ ಜೋಡಣೆ ಅಸ್ತವ್ಯಸ್ತವೆಂದು ದೂಷಿಸಿದ್ದಾನೆ. ಮೊದಲ ವರ್ಗದಲ್ಲಿಯೇ ಸ್ವರ್ಗ, ದೇವತೆಗಳು, ವಾಯು ಇವುಗಳೊಡನೆ ವೇಗ, ನಿತ್ಯತ್ವ, ಆಧಿಕ್ಯ ಇವುಗಳೂ ಬಂದಿರುವುದು ಅವನ ಆಕ್ಷೇಪಕ್ಕೆ ಆಧಾರ. ಈ ಆಕ್ಷೇಪ ನಿಲ್ಲತಕ್ಕುದಲ್ಲ. ವಾಯುವನ್ನು ಹೇಳಿದ ಮೇಲೆ ಅದರ ಧರ್ಮವಾದ ವೇಗವು ಪ್ರಸಕ್ತವಾಯಿತು. ಶೀಘ್ರ, ಸತತ, ಅತಿಶಯ ಮುಂತಾದುವು ಕ್ರಿಯಾವಿಶೇಷಣಗಳಾಗಿ ನಪುಂಸಕಲಿಂಗದಲ್ಲಿಯೂ, ದ್ರವ್ಯಕ್ಕೆ ವಿಶೇಷಣಗಳಾದಾಗ ಮೂರು ಲಿಂಗಗಳಲ್ಲಿಯೂ ನಡೆಯುವುವೆಂಬ ನಿಯಮವನ್ನು ಒಂದೆಡೆ ಹೇಳುವ ಸಲುವಾಗಿ ಅಮರಸಿಂಹನು ಅವನ್ನು ಕೂಡಿಸಿದನು. ಲಿಂಗಾನುಶಾಸನವೂ ಅವನ ಕೋಶದ ಪ್ರಯೋಜನವೆಂಬುದನ್ನು ರೋಜೆ ಗಮನಿಸಲಿಲ್ಲ. ಆದರೂ, ಭಾವವಾಚಕಗಳನ್ನು ಹುಡುಕುವವನಿಗೆ ರೋಜೆಯ ಕೋಶವೇ ಸುಲಭವೆಂಬುದನ್ನು ನಾವೂ ಒಪ್ಪಬೇಕು.

ಒಂದು ಮಾತು ಉಳಿಯಿತು. ಅಳೆದುಕೊಟ್ಟ ಮೇಲೆ ಅಂಗಡಿಯವನು ಹಾಕುವ ಹಿಡಿಯಷ್ಟನ್ನು ನಾವು “ಕೊಸರು” ಎನ್ನುತ್ತೇವೆ. ಅಮೆರಿಕದ ಲೂಯಿಸಿಯಾನ ಪ್ರಾಂತದಲ್ಲಿ ಮಾತ್ರ ಇದಕ್ಕೆ ಸರಿಯಾದ “ಲ್ಯಾನ್ಯಾಪ್” ಎಂಬ ಪದವಿದೆ. ಅದೂ ದಕ್ಷಿಣ ಅಮೆರಿಕದ ಕೆಚುವಾ ಭಾಷೆಯ “ಕೂಡಿಸು” ಎಂಬರ್ಥದ ಧಾತುವಿನಿಂದ ಹುಟ್ಟಿ, ಸ್ಪ್ಯಾನಿಷ್ ಭಾಷೆಯ ಮೂಲಕ ಬಂದುದು.