ಭೋಗ್ಯ, ಬ್ಯಾಂಕು ಮತ್ತು ಮನೆಯ ಪತ್ರ



ನಮ್ಮ ಆಂಡರ್ಸನ್‌ಪೇಟೆಯಲ್ಲಾಗಲಿ, ನಿಮ್ಮಲ್ಲಿ ಹಲವರು ಈಗ ನೆಲೆಸಿರುವ ಬೆಂಗಳೂರಿನಲ್ಲಾಗಲಿ, ‘ಮನೆ ಭೋಗ್ಯಕ್ಕಿದೆ’ ಎಂಬ ಫಲಕವನ್ನು ನೋಡದವರು ವಿರಳ. ಮನೆಯ ಯಜಮಾನನಿಗೆ ಒಂದು ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟರೆ ಬಾಡಿಗೆಯಿಲ್ಲದೆ ವಾಸಿಸಬಹುದು. ಅವಧಿ ಮುಗಿದಾಗ ಕೊಟ್ಟ ಹಣವಷ್ಟೂ ಹಿಂದಕ್ಕೆ ಬರುತ್ತದೆ. ಹಣಕ್ಕೆ ಬಡ್ಡಿಯಿಲ್ಲ, ಮನೆಗೆ ಬಾಡಿಗೆಯಿಲ್ಲ. ಒಂದು ಇನ್ನೊಂದಕ್ಕೆ ವಜಾ. ಬೀದಿಯ ಮಾತಾಗಿ ನಾವು ಬಳಸುವ ಈ ‘ಭೋಗ್ಯ’ ಎಂಬ ಪದ ಎಷ್ಟು ಹಳೆಯದು, ಅದರೊಳಗೆ ಎಂತಹ ನ್ಯಾಯವಿಚಾರ ಅಡಗಿದೆ, ಅದು ಇಂದಿನ ಬ್ಯಾಂಕಿನ ಗೃಹಸಾಲದವರೆಗೆ ಹೇಗೆ ಹರಿದುಬಂದಿದೆ ಎಂಬುದನ್ನು ಈ ಲೇಖನದಲ್ಲಿ ನನಗೆ ತಿಳಿದಮಟ್ಟಿಗೆ ವಿವರಿಸುತ್ತೇನೆ. ಇದು ಕೇವಲ ಇತಿಹಾಸದ ಕುತೂಹಲಕ್ಕಾಗಿ ಬರೆದದ್ದಲ್ಲ. ನಿಮ್ಮಲ್ಲಿ ಬಹುಮಂದಿಯ ಜೀವಮಾನದ ಗಳಿಕೆ ಒಂದು ಮನೆಯ ಪತ್ರದಲ್ಲಿ ಅಡಗಿದೆ ಎಂಬ ಕಾರಣಕ್ಕಾಗಿಯೂ ಬರೆದದ್ದು.

ಒಂಬತ್ತನೆಯ ತರಗತಿಯಲ್ಲಿ ಕಲ್ಯಾಣದ ಚಾಲುಕ್ಯರ ಪಾಠ ಮಾಡುವಾಗ ವಿಜ್ಞಾನೇಶ್ವರನ ಹೆಸರನ್ನು ಬರೆಸಿದ್ದು ನಿಮಗೆ ನೆನಪಿರಬಹುದು. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ಆತ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಇದ್ದುಕೊಂಡು, ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಆಸ್ತಿ ವಿಭಾಗದ ವಿಚಾರದಲ್ಲಿ ಅದು ಭಾರತದ ಬಹುಭಾಗಕ್ಕೆ ಆಧಾರಗ್ರಂಥವಾಯಿತೆಂದು ನಾವು ಓದಿದ್ದೇವೆ. ಅದರಲ್ಲಿ ಸಾಲದ ಪ್ರಕರಣವೂ ಇದೆ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅಡವಿಟ್ಟ ವಸ್ತುವಿಗೆ ಅಲ್ಲಿ ‘ಆಧಿ’ ಎಂದು ಹೆಸರು. ಆಧಿಯಲ್ಲಿ ಗೋಪ್ಯ ಮತ್ತು ಭೋಗ್ಯ ಎಂದು ಎರಡು ಬಗೆ. ಸುಮ್ಮನೆ ಕಾಪಾಡಿಕೊಂಡಿರಬೇಕಾದದ್ದು ಗೋಪ್ಯ. ಸಾಲ ಕೊಟ್ಟವನು ಬಳಸಿ ಫಲವನ್ನು ಅನುಭವಿಸಬಹುದಾದದ್ದು ಭೋಗ್ಯ. ಚಿನ್ನದ ಸರವನ್ನು ಪೆಟ್ಟಿಗೆಯಲ್ಲಿಟ್ಟರೆ ಗೋಪ್ಯ, ತೋಟವನ್ನು ಬಿಟ್ಟುಕೊಟ್ಟರೆ ಭೋಗ್ಯ ಎಂದು ತಿಳಿದರೆ ಸಾಕು.

ಸ್ಮೃತಿಯ ಎರಡು ನಿಯಮಗಳು ನನಗೆ ಬಹಳ ಅರ್ಥವತ್ತಾಗಿ ಕಂಡಿವೆ. ಮೊದಲನೆಯದು, ಕಾಪಾಡಲೆಂದು ಕೊಟ್ಟ ಒತ್ತೆಯನ್ನು ಸಾಲಿಗನು ಬಳಸಿಕೊಂಡರೆ ಅವನು ಬಡ್ಡಿಯನ್ನು ಕಳೆದುಕೊಳ್ಳುತ್ತಾನೆ. ವಸ್ತುವಿನ ಉಪಯೋಗ ಮತ್ತು ಹಣದ ಬಡ್ಡಿ ಎರಡನ್ನೂ ಒಟ್ಟಿಗೆ ಪಡೆಯುವಂತಿಲ್ಲ. ಎರಡನೆಯದು, ಒತ್ತೆಯ ವಸ್ತು ಸಾಲಿಗನ ಕೈಯಲ್ಲಿದ್ದಾಗ ಹಾಳಾದರೆ ಅಥವಾ ಕಳೆದುಹೋದರೆ, ದೈವದಿಂದಲೋ ರಾಜನಿಂದಲೋ ಆದ ನಷ್ಟವನ್ನು ಬಿಟ್ಟು, ಮಿಕ್ಕೆಲ್ಲ ಸಂದರ್ಭಗಳಲ್ಲಿಯೂ ಅವನೇ ಅದನ್ನು ತುಂಬಿಕೊಡಬೇಕು. ಸಾಲ ಪಡೆದವನಿಗೆ ಮಾತ್ರವಲ್ಲ, ಸಾಲ ಕೊಟ್ಟವನಿಗೂ ಹೊಣೆಯುಂಟು ಎಂಬ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದೆ ಇದು ಮತ್ತೆ ಬರುತ್ತದೆ.

ಬ್ರಿಟಿಷರ ಕಾಲದ 1882ರ ಸ್ವತ್ತು ವರ್ಗಾವಣೆ ಕಾಯ್ದೆಯು ಈ ವ್ಯವಹಾರಗಳನ್ನೆಲ್ಲ ಲಿಖಿತ ನಿಯಮಗಳಿಗೆ ಒಳಪಡಿಸಿತು. ಅದರ 58ನೆಯ ಕಲಂ ಅಡಮಾನಗಳನ್ನು ಹಲವು ಬಗೆಯಾಗಿ ವಿಂಗಡಿಸುತ್ತದೆ. ಸ್ವತ್ತಿನ ಸ್ವಾಧೀನವನ್ನು ಬಿಟ್ಟುಕೊಟ್ಟು, ಅದರ ಬಾಡಿಗೆ ಅಥವಾ ಹುಟ್ಟುವಳಿಯನ್ನು ಬಡ್ಡಿಗೆ ವಜಾ ಮಾಡಿಕೊಳ್ಳಲು ಬಿಡುವ ನಮ್ಮ ಭೋಗ್ಯ ಅವುಗಳಲ್ಲಿ ಒಂದು. ಮನೆಯಲ್ಲಿ ತಾನೇ ವಾಸವಿದ್ದು, ಅದರ ಮೂಲ ಹಕ್ಕುಪತ್ರಗಳನ್ನು ಮಾತ್ರ ಸಾಲ ಕೊಟ್ಟವರಲ್ಲಿ ಠೇವಣಿ ಇಡುವುದು ಇನ್ನೊಂದು. ಇಂದು ಬ್ಯಾಂಕುಗಳು ಗೃಹಸಾಲ ಕೊಡುವಾಗ ಸಾಮಾನ್ಯವಾಗಿ ಅನುಸರಿಸುವುದು ಈ ಎರಡನೆಯ ವಿಧಾನವನ್ನು. ಹಳೆಯ ಪರಿಭಾಷೆಯಲ್ಲಿ ಹೇಳುವುದಾದರೆ ಮನೆಯ ಪತ್ರವು ಬ್ಯಾಂಕಿನಲ್ಲಿರುವ ಗೋಪ್ಯಾಧಿ. ಸಾಲ ತೀರಿದ ಮೇಲೆ ಅಡಮಾನ ಪತ್ರವನ್ನೂ ಸ್ವತ್ತಿನ ದಾಖಲೆಗಳನ್ನೂ ಹಿಂದಿರುಗಿಸಬೇಕೆಂದು ಅದೇ ಕಾಯ್ದೆಯ 60ನೆಯ ಕಲಂ ಸ್ಪಷ್ಟವಾಗಿ ವಿಧಿಸಿದೆ.

ಆದರೆ ನಮ್ಮ ಚಿನ್ನದ ಗಣಿಯ ಜನರಿಗೆ ಈ ಕಾಯ್ದೆಯ ಉಪಯೋಗವಾಗುವ ಸ್ಥಿತಿಯೇ ಬಹುಕಾಲ ಇರಲಿಲ್ಲ. ಪತ್ರವನ್ನು ಒತ್ತೆಯಿಡಲು ಸ್ವಂತ ಮನೆ ಬೇಕಷ್ಟೆ? 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟಂದಿನಿಂದ ಕಾರ್ಮಿಕರ ವಾಸ ಲೈನ್ ಮನೆಗಳಲ್ಲಿ. ನೆಲವೂ ಕಂಪನಿಯದು, ಗೋಡೆಯೂ ಕಂಪನಿಯದು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೆ ಬಂದವು, 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ರೂಪುಗೊಂಡಿತು. ಯಜಮಾನರು ಬದಲಾದರು, ಲೈನ್ ಮನೆಯಲ್ಲಿ ಮೂರು ತಲೆಮಾರು ಬದುಕಿದ ಕುಟುಂಬಗಳ ಕೈಯಲ್ಲಿ ಮನೆಯ ಪತ್ರ ಮಾತ್ರ ಇರಲಿಲ್ಲ. ಮೂರು ಕಿಲೋಮೀಟರಿಗೂ ಹೆಚ್ಚು ಆಳದಿಂದ ಚಿನ್ನವನ್ನು ಮೇಲೆತ್ತಿದವರು ತುರ್ತಿಗೆ ಒಯ್ಯುತ್ತಿದ್ದುದು ಹೆಂಡತಿಯ ಕಿವಿಯ ಓಲೆಯನ್ನು ಅಥವಾ ಹಿತ್ತಾಳೆಯ ಕೊಡವನ್ನು. ರಾಬರ್ಟ್‌ಸನ್‌ಪೇಟೆಯ ಗಿರವಿ ಅಂಗಡಿಗಳ ಮುಂದೆ ಸಂಬಳದ ದಿನ ಸೇರುತ್ತಿದ್ದ ಜನರನ್ನು ನಮ್ಮ ತಲೆಮಾರಿನವರು ಕಣ್ಣಾರೆ ಕಂಡಿದ್ದೇವೆ.

ಇಂತಹ ಸಣ್ಣ ಸಾಲಗಾರರಿಗಾಗಿ ರಾಜ್ಯದಲ್ಲಿ ಒಂದು ದೊಡ್ಡ ಹೆಜ್ಜೆಯನ್ನಿಟ್ಟವರು ದೇವರಾಜ ಅರಸರು. ಅವರ ಸರ್ಕಾರದ 1976ರ ಕರ್ನಾಟಕ ಋಣ ಪರಿಹಾರ ಕಾಯ್ದೆಯು ಸಣ್ಣ ರೈತರು, ಭೂಹೀನ ಕೃಷಿ ಕಾರ್ಮಿಕರು ಮತ್ತು ದುರ್ಬಲ ವರ್ಗದವರು ಖಾಸಗಿಯವರಲ್ಲಿ ಮಾಡಿದ್ದ ಸಾಲಗಳನ್ನು ರದ್ದುಪಡಿಸಿ, ಅವರು ಅಡವಿಟ್ಟ ವಸ್ತುಗಳನ್ನು ಹಿಂದಿರುಗಿಸಬೇಕೆಂದು ವಿಧಿಸಿತು. ಬ್ಯಾಂಕು ಹಾಗೂ ಸಹಕಾರ ಸಂಘಗಳ ಸಾಲ ಅದರ ವ್ಯಾಪ್ತಿಗೆ ಬರಲಿಲ್ಲ. ಸಾಲವನ್ನೇ ಅಳಿಸಿ ಒತ್ತೆಯನ್ನು ಬಿಡಿಸುವುದು ಒಂದು ಬಗೆಯ ಪರಿಹಾರ. ಸಾಲ ನ್ಯಾಯವಾಗಿಯೇ ಇದ್ದು, ಸಾಲ ಕೊಟ್ಟ ಸಂಸ್ಥೆ ತನ್ನ ಮಾತಿಗೆ ತಪ್ಪಿದಾಗ ಅದರಿಂದ ನಷ್ಟವನ್ನು ತುಂಬಿಸುವುದು ಇನ್ನೊಂದು ಬಗೆ. ಈ ಎರಡನೆಯದು ನಮ್ಮಲ್ಲಿ ಬರಲು ಇನ್ನೂ ಬಹಳ ವರ್ಷಗಳು ಬೇಕಾದವು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಕಥೆಯನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಅದನ್ನು ನೀವು ಬದುಕಿದ್ದೀರಿ. ಅನಂತರ ಮಾರಿಕುಪ್ಪಂನಿಂದ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋದ ನಮ್ಮ ಮಕ್ಕಳಲ್ಲಿ ಹಲವರು ಕ್ರಮೇಣ ಬಂಗಾರಪೇಟೆಯಲ್ಲೋ ಬೆಂಗಳೂರಿನ ಅಂಚಿನಲ್ಲೋ ನಿವೇಶನ ಕೊಂಡರು, ಬ್ಯಾಂಕಿನ ಸಾಲದಿಂದ ಮನೆ ಕಟ್ಟಿದರು. ಅವರ ವಂಶದಲ್ಲಿ ಸ್ವಂತ ಮನೆಯ ಪತ್ರವನ್ನು ಮೊದಲ ಬಾರಿಗೆ ಕಂಡವರು ಅವರೇ. ಕಂಡ ಕೂಡಲೇ ಅದನ್ನು ಬ್ಯಾಂಕಿಗೆ ಒಪ್ಪಿಸಿದರು.

ಈ ಗೃಹಸಾಲಗಳಲ್ಲಿ ಒಂದು ವಿಶೇಷ ಬಗೆಯಿದೆ. ಸ್ಟೇಟ್ ಬ್ಯಾಂಕಿನ ‘ಮ್ಯಾಕ್ಸ್‌ಗೇನ್’ ಯೋಜನೆಯನ್ನು ಕೆಲವರಾದರೂ ಕೇಳಿರಬಹುದು. ಇಲ್ಲಿ ಸಾಲವು ಓವರ್‌ಡ್ರಾಫ್ಟ್ ಖಾತೆಯ ರೂಪದಲ್ಲಿರುತ್ತದೆ. ನಮ್ಮ ಉಳಿತಾಯವನ್ನು ಆ ಖಾತೆಯಲ್ಲಿ ಇಟ್ಟಷ್ಟು ಕಾಲ ಅಷ್ಟು ಮೊತ್ತಕ್ಕೆ ಸಾಲದ ಬಡ್ಡಿ ಬೀಳುವುದಿಲ್ಲ. ಬೇಕಾದಾಗ ಹಣವನ್ನು ಹಿಂದಕ್ಕೆ ತೆಗೆಯಲೂ ಬಹುದು. ಲೆಕ್ಕ ಸರಳ. ಸಾಲದ ಬಾಕಿ 20 ಲಕ್ಷ, ಖಾತೆಯಲ್ಲಿಟ್ಟ ಹೆಚ್ಚುವರಿ ಹಣ 2 ಲಕ್ಷ ಎಂದಿಟ್ಟುಕೊಳ್ಳಿ. ಬಡ್ಡಿ 18 ಲಕ್ಷಕ್ಕೆ ಮಾತ್ರ. ದರ ಶೇಕಡಾ 9 ಆದರೆ ವರ್ಷಕ್ಕೆ 18,000 ರೂಪಾಯಿ ಉಳಿತಾಯ. ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾದಲ್ಲಿ ಇದನ್ನು ‘ಆಫ್‌ಸೆಟ್’ ಸಾಲ ಎನ್ನುತ್ತಾರೆ. ನಮ್ಮ ಹಣದ ಉಪಯೋಗ ಬ್ಯಾಂಕಿಗೆ ದೊರೆಯುತ್ತಿರುವಾಗ ಅಷ್ಟಕ್ಕೆ ಬಡ್ಡಿ ಕೇಳಬಾರದು ಎಂಬ ಭೋಗ್ಯದ ನ್ಯಾಯವೇ ಇಲ್ಲಿ ಹೊಸ ಉಡುಪಿನಲ್ಲಿ ಬಂದಿದೆ ಎಂದು ನನಗೆ ತೋರುತ್ತದೆ.

ಈಗ ಮುಖ್ಯ ಪ್ರಶ್ನೆ. ಇಂತಹ ಅನುಕೂಲವನ್ನು ಕೊಟ್ಟ ಬ್ಯಾಂಕು ಅದನ್ನು ನಡುವೆಯೇ ಹಿಂತೆಗೆದುಕೊಂಡರೆ ಗ್ರಾಹಕನ ಗತಿಯೇನು? ಹೊಸಬರಿಗೆ ಒಂದು ಯೋಜನೆಯನ್ನು ನಿಲ್ಲಿಸುವ ಸ್ವಾತಂತ್ರ್ಯ ಬ್ಯಾಂಕಿಗೆ ಉಂಟು. ಕರಾರಿಗೆ ಸಹಿ ಮಾಡಿದ ಹಳಬರ ವಿಷಯ ಹಾಗಲ್ಲ. ಐರ್ಲೆಂಡಿನಲ್ಲಿ ನಡೆದ ಪ್ರಸಂಗ ಇದಕ್ಕೆ ಉತ್ತಮ ಪಾಠ. ಅಲ್ಲಿ ಯೂರೋಪಿನ ಕೇಂದ್ರ ಬ್ಯಾಂಕಿನ ದರಕ್ಕೆ ಹೊಂದಿಕೊಂಡು ಏರಿಳಿಯುವ ‘ಟ್ರ್ಯಾಕರ್’ ಎಂಬ ಅಗ್ಗದ ಗೃಹಸಾಲವಿತ್ತು. 2008ರ ಆರ್ಥಿಕ ಕುಸಿತದ ವೇಳೆಗೆ ಬ್ಯಾಂಕುಗಳು ಅದನ್ನು ಹೊಸಬರಿಗೆ ಕೊಡುವುದನ್ನು ನಿಲ್ಲಿಸಿದವು. ಅಷ್ಟಕ್ಕೇ ನಿಲ್ಲಲಿಲ್ಲ. ಕೆಲವು ಕಾಲ ಸ್ಥಿರ ದರಕ್ಕೆ ಹೋಗಿದ್ದು, ಮತ್ತೆ ಟ್ರ್ಯಾಕರ್ ದರಕ್ಕೆ ಮರಳುವ ಹಕ್ಕಿದ್ದ ಹಳೆಯ ಗ್ರಾಹಕರಿಗೂ ಅದನ್ನು ನಿರಾಕರಿಸಿ ಹೆಚ್ಚಿನ ಬಡ್ಡಿ ವಸೂಲು ಮಾಡಿದವು. ಕಂತು ಕಟ್ಟಲಾಗದೆ ಮನೆ ಕಳೆದುಕೊಂಡವರೂ ಇದ್ದರು. ಐರ್ಲೆಂಡಿನ ಕೇಂದ್ರ ಬ್ಯಾಂಕು 2015ರ ಕೊನೆಯಲ್ಲಿ ಎಲ್ಲ ಬ್ಯಾಂಕುಗಳ ಕಡತಗಳನ್ನೂ ಪರಿಶೀಲನೆಗೆ ಒಳಪಡಿಸಿತು. 2019ರ ಅಂತಿಮ ವರದಿಯ ವೇಳೆಗೆ ಸುಮಾರು 40,000 ಗ್ರಾಹಕರಿಗೆ ಅನ್ಯಾಯವಾಗಿತ್ತೆಂದು ಸಿದ್ಧವಾಗಿ, 68 ಕೋಟಿ ಯೂರೋಗಳಿಗೂ ಹೆಚ್ಚು ಹಣ ಅವರಿಗೆ ಮರಳಿತ್ತು. ದಂಡಗಳು ಬೇರೆ, 2022ರಲ್ಲಿ ಬ್ಯಾಂಕ್ ಆಫ್ ಐರ್ಲೆಂಡ್ ಒಂದಕ್ಕೇ 10 ಕೋಟಿ ಯೂರೋ ಮೀರಿದ ದಂಡ ಬಿದ್ದಿತು. ಗಮನಿಸಬೇಕಾದ ಸಂಗತಿಯೆಂದರೆ, ಗ್ರಾಹಕರಿಗೆ ನ್ಯಾಯ ದೊರೆತದ್ದು ಕರಾರಿನ ಬರಹದ ಬಲದಿಂದ.

ನಮ್ಮ ದೇಶದಲ್ಲಿಯೂ ರಿಸರ್ವ್ ಬ್ಯಾಂಕು ಒಂದೊಂದಾಗಿ ಕಟ್ಟುಪಾಡುಗಳನ್ನು ತಂದಿದೆ. ಬದಲಾಗುವ ದರದ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕಬಾರದೆಂದು 2012ರಲ್ಲಿ ಬ್ಯಾಂಕುಗಳಿಗೆ ವಿಧಿಸಿತು. ಹೊಸದಾಗಿ ಕೊಡುವ ಅಂತಹ ಸಾಲಗಳ ದರವನ್ನು ರೆಪೊ ದರದಂತಹ ಹೊರಗಿನ ಅಳತೆಗೋಲಿಗೆ ಕಟ್ಟಬೇಕೆಂದು 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳಿಗೆ ಕಡ್ಡಾಯ ಮಾಡಿತು. ಇವೆಲ್ಲಕ್ಕಿಂತ ನಮ್ಮಂಥವರಿಗೆ ಹತ್ತಿರವಾದದ್ದು 2023ರ ಸೆಪ್ಟೆಂಬರ್ 13ರ ಆದೇಶ. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಹಿಂದಿರುಗಿಸಬೇಕು. ತನ್ನ ಕಾರಣದಿಂದ ತಡವಾದರೆ ಸಂಸ್ಥೆಯು ದಿನವೊಂದಕ್ಕೆ 5,000 ರೂಪಾಯಿಯಂತೆ ಸಾಲಗಾರನಿಗೆ ಪರಿಹಾರ ಕೊಡಬೇಕು. ಪತ್ರ ಕಳೆದುಹೋಗಿದ್ದರೆ ನಕಲು ಪಡೆಯಲು ನೆರವಾಗಿ ಅದರ ವೆಚ್ಚವನ್ನೂ ಭರಿಸಬೇಕು; ಇದಕ್ಕಾಗಿ ಇನ್ನೂ 30 ದಿನಗಳ ಕಾಲಾವಕಾಶವಿದೆ. 2023ರ ಡಿಸೆಂಬರ್ 1ರಿಂದ ಇದು ಜಾರಿಗೆ ಬಂದಿದೆ. ಬ್ಯಾಂಕುಗಳಿಗಷ್ಟೇ ಅಲ್ಲ, ಸಹಕಾರಿ ಬ್ಯಾಂಕುಗಳಿಗೂ ಗೃಹಸಾಲ ಕಂಪನಿಗಳಿಗೂ ಇದು ಅನ್ವಯಿಸುತ್ತದೆ. ಒತ್ತೆಯನ್ನು ಕಳೆದವನೇ ತುಂಬಿಕೊಡಬೇಕೆಂಬ ಕಲ್ಯಾಣದ ಗ್ರಂಥದ ಮಾತನ್ನು ನೆನಪಿನಲ್ಲಿಡಿ ಎಂದದ್ದು ಇದಕ್ಕಾಗಿಯೇ.

ಈ ಆದೇಶ ಬರುವ ಮೊದಲು ನನ್ನ ಹತ್ತಿರದ ಬಂಧುವೊಬ್ಬರು ಕೊನೆಯ ಕಂತು ಕಟ್ಟಿ, ಪತ್ರಕ್ಕಾಗಿ ಏಳು ತಿಂಗಳು ಒಂದು ಸಂಸ್ಥೆಯ ಕಚೇರಿಗೆ ಅಲೆದರು. ಪ್ರತಿ ಸಲವೂ ‘ಮುಖ್ಯ ಕಚೇರಿಯಿಂದ ಬರಬೇಕು’ ಎಂಬ ಒಂದೇ ಉತ್ತರ. ಮಗಳ ಮದುವೆಗೆಂದು ಮನೆಯ ಒಂದು ಭಾಗವನ್ನು ಮಾರುವ ಮಾತುಕತೆ ನಡೆದಿತ್ತು. ಪತ್ರ ತೋರಿಸಲಾಗದೆ ಕೊಳ್ಳುವವರು ಹಿಂದೆ ಸರಿದರು. ಕೊನೆಗೆ ಕಾಗದಗಳು ಸಿಕ್ಕವು, ಒಂದು ಕ್ಷಮೆಯ ಮಾತೂ ಇಲ್ಲದೆ. ಇಂದಿನ ನಿಯಮದ ಪ್ರಕಾರ ಮೊದಲ ತಿಂಗಳನ್ನು ಬಿಟ್ಟು ಉಳಿದ ಆರು ತಿಂಗಳಿಗೆ, ಅಂದರೆ 180 ದಿನಗಳಿಗೆ, ಅವರಿಗೆ ಸಲ್ಲಬೇಕಾಗುತ್ತಿದ್ದ ಪರಿಹಾರ 9 ಲಕ್ಷ ರೂಪಾಯಿ. ಲೆಕ್ಕ ಹಾಕಿ ತೋರಿಸಿದಾಗ ಅವರು ಬಹಳ ಹೊತ್ತು ಏನೂ ಮಾತನಾಡಲಿಲ್ಲ.

ನಿಮಗೆ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ಮೇಷ್ಟರ ಅಭ್ಯಾಸ, ಸಹಿಸಿಕೊಳ್ಳಿ.

ಗೃಹಸಾಲದ ಮಂಜೂರಾತಿ ಪತ್ರ, ಕರಾರು, ಬ್ಯಾಂಕಿಗೆ ಒಪ್ಪಿಸಿದ ದಾಖಲೆಗಳ ಪಟ್ಟಿ ಇವುಗಳ ಪ್ರತಿಗಳನ್ನು ಮನೆಯಲ್ಲಿ ಜೋಪಾನವಾಗಿಡಿ. ಎಲ್ಲಿಟ್ಟಿದ್ದೀರೆಂದು ಹೆಂಡತಿಗೋ ಗಂಡನಿಗೋ ತಿಳಿಸಿ. ಸಾಲಗಾರನು ತೀರಿಕೊಂಡರೆ ವಾರಸುದಾರರಿಗೆ ಪತ್ರ ಒಪ್ಪಿಸುವ ಕ್ರಮವನ್ನೂ ಸಂಸ್ಥೆಗಳು ಮೊದಲೇ ನಿಗದಿಪಡಿಸಿರಬೇಕೆಂದು ಅದೇ ಆದೇಶ ಹೇಳಿದೆ.

ಸಾಲ ತೀರಿದ ದಿನವೇ ಪತ್ರಗಳನ್ನು ಕೇಳಿ ಲಿಖಿತ ಅರ್ಜಿ ಕೊಟ್ಟು, ತಾರೀಖಿನ ಸಮೇತ ಸ್ವೀಕೃತಿ ಪಡೆಯಿರಿ. ಬಾಯಿಮಾತಿಗೆ ಸಾಕ್ಷಿಯಿಲ್ಲ. ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ.

ಇನ್ನು ಭೋಗ್ಯದ ಮನೆಯಲ್ಲಿರುವವರಿಗೆ. ಐದು, ಹತ್ತು ಲಕ್ಷವನ್ನು ಒಂದು ಛಾಪಾಕಾಗದದ ಮೇಲಿನ ನಂಬಿಕೆಯಿಂದ ಕೊಟ್ಟುಬಿಡಬೇಡಿ. ನೂರು ರೂಪಾಯಿಗೆ ಮೇಲ್ಪಟ್ಟ ಭೋಗ್ಯದ ಅಡಮಾನ ನೋಂದಣಿಯಾಗಬೇಕೆಂಬುದು 1882ರ ಕಾಯ್ದೆಯ ನಿಯಮ. ಋಣಭಾರ ಪ್ರಮಾಣಪತ್ರವನ್ನು ತೆಗೆಸಿ ನೋಡಿ; ಜೊತೆಗೆ ಮೂಲ ಪತ್ರವನ್ನೂ ಕಣ್ಣಾರೆ ನೋಡಬೇಕೆಂದು ಯಜಮಾನನನ್ನು ಕೇಳಿ. ಮೂಲ ಪತ್ರ ಅವನಲ್ಲಿ ಇಲ್ಲವೆಂದರೆ ಅದು ಯಾವುದೋ ಬ್ಯಾಂಕಿನಲ್ಲಿರಬಹುದು. ಅವನು ಕಂತು ತಪ್ಪಿಸಿದರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು 60 ದಿನಗಳ ನೋಟಿಸು ಕೊಟ್ಟು ಮನೆಯನ್ನು ವಶಪಡಿಸಿಕೊಳ್ಳಲು ಮುಂದಾಗಬಹುದು. ಆಗ ನಿಮ್ಮ ಭೋಗ್ಯದ ಹಣ ಕೈಗೆ ಬರುವುದು ಬಹಳ ಕಷ್ಟ.

ಲೈನ್ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಮನೆಯ ಪತ್ರ ಎಂಬುದು ಸುಲಭವಾಗಿ ಬಂದ ವಸ್ತುವಲ್ಲ. ತಾತ ಮುತ್ತಾತಂದಿರು ಮೂರು ತಲೆಮಾರು ದುಡಿದರೂ ಸಿಗದಿದ್ದ ಕಾಗದ ಅದು. ಬ್ಯಾಂಕಿನಲ್ಲಿ ಇಟ್ಟವರು ಕಾಲಕ್ಕೆ ಸರಿಯಾಗಿ ಕೇಳಿ ಪಡೆಯಿರಿ. ಈ ವಿಚಾರವಾಗಿ ನಿಮ್ಮಲ್ಲಿರುವ ಯಾವುದೇ ಕಾಗದದ ಭಾಷೆ ಅರ್ಥವಾಗದಿದ್ದರೆ ಭಾನುವಾರ ಮನೆಗೆ ತನ್ನಿ, ಕೂತು ಓದೋಣ.

ಎಲ್ಲರಿಗೂ ಶುಭವಾಗಲಿ.